ಕಷಾಯದ ಮೇಲಿನ ಅನುಮಾನ

ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಯಂತ್ರಗಳ ಪಕ್ಕದ ಕೋಣೆಯಲ್ಲಿ ಕೂತು ರೋಗಗಳಿಗೆ ನಂಬರು ಹಾಕುವುದು ಅವನ ಕೆಲಸ. ಡಾಕ್ಟರು ಬರೆದದ್ದನ್ನು ಓದಬೇಕು, ಅದಕ್ಕೊಪ್ಪುವ ಕೋಡು ಹಾಕಬೇಕು. ಅವರು ಬರೆಯದೆ ಬಿಟ್ಟದ್ದನ್ನು ತಾನಾಗಿ ಊಹಿಸಿ ಸೇರಿಸುವಂತಿಲ್ಲ. ಎದುರು ಮೇಜಿನಾಕೆಯದೂ ಇದೇ ಕೆಲಸ. ಸಿಬ್ಬಂದಿಯ ಫೈಲುಗಳೆಲ್ಲ ಹೋಗುವುದು ಅವಳ ಮೇಜಿಗೇ.

ಸಿಬ್ಬಂದಿಯ ರಕ್ತಪರೀಕ್ಷೆ ನಡೆದಾಗ ಅವನ ಲಿವರಿನ ಎನ್‌ಜೈಮುಗಳು ಏರಿದ್ದವು.

“ಕುಡೀತೀರಾ?” ಎಂದು ಡಾಕ್ಟರಮ್ಮ ಕೇಳಿದರು.

ಅವನ ತಲೆಯಲ್ಲಿ ಕೋಡಿನ ಪುಸ್ತಕ ತೆರೆದುಕೊಂಡಿತು. ಹೌದೆಂದರೆ ಕೆ ಎಪ್ಪತ್ತು, ಕುಡಿತದಿಂದ ಕೆಟ್ಟ ಲಿವರು. ಇಲ್ಲವೆಂದರೆ ಆರ್ ಎಪ್ಪತ್ನಾಲ್ಕು, ಎನ್‌ಜೈಮು ಏರಿದೆ, ಯಾಕೋ ಗೊತ್ತಿಲ್ಲ. ಎಂಥ ಮರ್ಯಾದಸ್ಥ ನಂಬರು ಅದು.

“ಛೇ, ವಾಸನೆ ಬಂದ್ರೂ ಆಗಲ್ಲ ಮೇಡಂ.”

ಎದುರು ಮೇಜಿನಾಕೆ ಅವನ ಫೈಲಿಗೆ ಆರ್ ಎಪ್ಪತ್ನಾಲ್ಕನ್ನೇ ಹಾಕಿದಳು. ಪಾಸಾದ ಖುಷಿಗೆ ಅವನು ಸಂಜೆ ಗೆಳೆಯರ ಜೊತೆ ಎರಡು ಗ್ಲಾಸು ಹೆಚ್ಚೇ ಇಳಿಸಿದ.

ಕಾರಣ ಗೊತ್ತಿಲ್ಲ ಎಂದು ಬರೆದ ಡಾಕ್ಟರು ಸುಮ್ಮನಿರುವುದಿಲ್ಲ, ಹುಡುಕುತ್ತಾರೆ ಎಂಬುದೊಂದು ಅವನಿಗೆ ಹೊಳೆದಿರಲಿಲ್ಲ. ಮನೆಯಲ್ಲಿ ಅಡುಗೆ ಮಾಡುವವರನ್ನು ಕರೆತರಲು ಹೇಳಿದರು. ಅಡುಗೆ ಅತ್ತೆಯದು, ಅಂದರೆ ಹೆಂಡತಿಯ ತಾಯಿಯದು. ಅವರು ಹೊಸ ಚಪ್ಪಲಿ ಮೆಟ್ಟಿಕೊಂಡು ಬಂದರು.

“ಬೆಳಿಗ್ಗೆ ಖಾಲಿ ಹೊಟ್ಟೆಗೆ ನಾನೇ ಕಷಾಯ ಮಾಡಿಕೊಡ್ತೀನಿ ಡಾಕ್ಟ್ರೇ,” ಎಂದರು ಹೆಮ್ಮೆಯಿಂದ. “ಬೇರು, ತೊಗಟೆ, ಒಂದಿಷ್ಟು ಎಲೆ. ನಮ್ಮ ಬೀದಿಯವರಿಗೆಲ್ಲ ಪುಡಿ ಹೋಗೋದು ನಮ್ಮನೆಯಿಂದಾನೇ.”

ಡಾಕ್ಟರಮ್ಮನ ಪೆನ್ನು ನಿಂತಿತು. “ಕೆಲವು ಬೇರು ಲಿವರ್‌ಗೆ ಆಗಲ್ಲಮ್ಮ. ಇವತ್ತಿಂದಲೇ ನಿಲ್ಲಿಸಿ. ಆಮೇಲೆ ಇನ್ನೊಂದ್ಸಲ ರಕ್ತ ನೋಡೋಣ.”

ಅತ್ತೆ ಮನೆ ತಲುಪಿದವರೇ ಬೀದಿಯ ಒಂದೊಂದು ಬಾಗಿಲನ್ನೂ ತಟ್ಟಿದರು. “ನಾನು ಕೊಟ್ಟ ಪುಡಿ ಚೆಲ್ಲಿಬಿಡಿ. ನಮ್ಮ ಅಳಿಯಂದ್ರ ಲಿವರು ಅದರಿಂದಾನೇ ಕೆಟ್ಟಿರೋದಂತೆ.” ಅಂದಿನಿಂದ ಒಲೆಯ ಹತ್ತಿರ ಸುಳಿಯಲಿಲ್ಲ. ಅಡುಗೆಮನೆಯ ಹೊರಗೆ ಸ್ಟೂಲು ಹಾಕಿಕೊಂಡು, ಕೈಗಳನ್ನು ಮಡಿಲಲ್ಲಿಟ್ಟು, ಯಾರಾದರೂ ಬೈಯಲಿ ಎಂದು ಕಾಯುವವರಂತೆ ಕೂತಿರುತ್ತಿದ್ದರು.

ನೆಲಮಾಳಿಗೆಯಲ್ಲಿ ಎದುರು ಮೇಜಿನಾಕೆ ಫೈಲು ಎತ್ತಿ ತೋರಿಸಿದಳು. “ಕಷಾಯದ ಮೇಲೆ ಅನುಮಾನ ಅಂತ ಬರೆದಿದ್ದಾರೆ. ಅನುಮಾನಕ್ಕೆ ನಂಬರಿಲ್ಲ ನೋಡಿ. ಖಚಿತ ಆಗ್ಲಿ, ಕೆ ಎಪ್ಪತ್ತೊಂದು ಹಾಕ್ತೀನಿ. ವಿಷದಿಂದ ಕೆಟ್ಟ ಲಿವರು.”

“ವಿಷ ಅನ್ನಬೇಡ್ರೀ.”

“ನಾನಲ್ಲ, ಪುಸ್ತಕ ಅನ್ನೋದು. ನೀವು ಮಾತ್ರ ಊಟ ಸ್ವಲ್ಪ ನೋಡ್ಕೊಂಡು ಮಾಡಿ.”

ಆ ಸಂಜೆ ಅವನ ಹೆಂಡತಿ ಬಟ್ಟೆ ಮಡಿಸುತ್ತ ಕೇಳಿದಳು, “ಶನಿವಾರದ ವಿಷಯ ಡಾಕ್ಟ್ರಿಗೆ ಹೇಳಿದ್ರಾ?”

“ಬರೀ ಶನಿವಾರ ಕಣೇ. ಅಷ್ಟಕ್ಕೆಲ್ಲ ಏರತ್ತಾ?”

“ಹೋದ ವಾರ ನಾಲ್ಕು ಶನಿವಾರ ಬಂದಿತ್ತು.”

“ದಿನಾ ಪೂರ್ತಿ ಕಂಡವರ ಕಾಯಿಲೆ ಓದಿಕೊಂಡು ಕೂತಿರ್ತೀನಿ. ಮನುಷ್ಯನಿಗೆ ಒಂಚೂರು ಹಗುರ ಆಗೋದು ಬೇಡ್ವಾ? ಹೇಳಿಬಿಟ್ರೆ ಆಮೇಲೆ ಆಫೀಸಲ್ಲಿ ತಲೆ ಎತ್ಕೊಂಡು ಓಡಾಡೋದು ಹೇಗೆ?”

“ನಮ್ಮಮ್ಮ ಬೀದೀಲಿ ತಲೆ ತಗ್ಗಿಸ್ಕೊಂಡು ಓಡಾಡ್ತಿದ್ದಾಳಲ್ಲ, ಅದು ಹೇಗೆ?” ಅವಳು ಅವನ ಅಂಗಿಯನ್ನು ಮಡಿಸದೆ ಅವನ ಮೇಲೆಯೇ ಹಾಕಿದಳು. “ನಾನು ಹೇಳಿದ್ರೆ ಚಾಡಿ ಆಗತ್ತೆ. ಅದು ನಿಮ್ಮ ಬಾಯಿಂದಾನೇ ಬರ್ಬೇಕು.”

ಅವನ ಬಾಯಿಂದ ಬರಲಿಲ್ಲ. ಆ ಸಂಕಟಕ್ಕೆ ಮರುದಿನ ಇನ್ನೊಂದು ಶನಿವಾರ ಮಾಡಿಕೊಂಡ.

ಎರಡನೆಯ ಸಲ ರಕ್ತ ನೋಡಿದಾಗ ಎನ್‌ಜೈಮು ಇಳಿಯುವ ಬದಲು ಮೇಲೆ ಹೋಗಿತ್ತು. “ಕಷಾಯ ನಿಲ್ಸಿದ್ರಾಮ್ಮ?” ಜೊತೆಗೆ ಬಂದಿದ್ದ ಅತ್ತೆಯನ್ನು ಡಾಕ್ಟರಮ್ಮ ಕೇಳಿದರು.

“ಪಾತ್ರೇನೇ ಎಸೆದುಬಿಟ್ಟೆ ಡಾಕ್ಟ್ರೇ. ಅಡುಗೇನೂ ಮಗಳೇ ಮಾಡ್ತಾಳೆ, ನಾನು ತರಕಾರಿ ಹೆಚ್ಚಿ ಕೊಡ್ತೀನಿ ಅಷ್ಟೆ.” ಅತ್ತೆ ತಮ್ಮ ಕೈಗಳನ್ನು ನೋಡಿಕೊಂಡರು. “ಹಾಗಾದ್ರೆ ನನ್ನ ಕೈಯಲ್ಲೇ ಏನೋ ದೋಷ ಇರ್ಬೇಕು. ಇದನ್ನೂ ಪರೀಕ್ಷೆ ಮಾಡಿಬಿಡಿ.”

ಹಾಗೆಂದು ಎರಡೂ ಅಂಗೈಗಳನ್ನು ಮೇಜಿನ ಮೇಲೆ ಚಾಚಿದರು. ಒಲೆಯ ಸುಟ್ಟ ಕಲೆ, ಚಾಕುವಿನ ಗೀರು. ಬೆರಳ ತುದಿಗೆ ಅಂಟಿದ ತೊಗಟೆಯ ಬಣ್ಣ ಇನ್ನೂ ಪೂರ್ತಿ ಹೋಗಿರಲಿಲ್ಲ. ಅವನು ಅದನ್ನೇ ನೋಡುತ್ತ ಕೂತ.

“ಬರ್ಕೊಳ್ಳಿ ಮೇಡಂ,” ಎಂದ. “ನಾನು ಕುಡೀತೀನಿ.”

“ಎಷ್ಟು?”

“ಶನಿ...” ಬಾಯಿಗೆ ಬಂದದ್ದನ್ನು ನುಂಗಿಕೊಂಡ. “ದಿನಾ.”

ಅತ್ತೆ ಮೆಲ್ಲಗೆ ಕೈಗಳನ್ನು ಹಿಂದೆ ತೆಗೆದುಕೊಂಡರು. “ಒಳ್ಳೇ ಪಾತ್ರೆ ಅದು,” ಎಂದರು, ಅಷ್ಟೆ.

ಡಾಕ್ಟರಮ್ಮ ಬರೆದರು. ಕುಡಿತ ಬಿಡಿಸುವ ವಿಭಾಗಕ್ಕೆ ಚೀಟಿ ಕೊಟ್ಟರು. ಲಿವರು ಸುಧಾರಿಸುವ ತನಕ ಕಷಾಯವೂ ಬೇಡ ಎಂದರು.

ಸಂಜೆ ಗೆಳೆಯರ ಫೋನು ಎರಡು ಸಲ ಬಡಿದುಕೊಂಡು ಸುಮ್ಮನಾಯಿತು. ಅವನು ಬೀದಿಯ ಮೊದಲ ಮನೆಯ ಬಾಗಿಲು ತಟ್ಟಿದ. ಹಿಂದೆಯೇ ಅತ್ತೆ ಬಂದು ನಿಂತರು.

“ನನ್ನ ಲಿವರು ಕೆಟ್ಟಿದ್ದು ಅತ್ತೆ ಕಷಾಯದಿಂದಲ್ಲ. ಕುಡಿದು ಕೆಡಿಸ್ಕೊಂಡೆ.”

“ಹಾಗಾದ್ರೆ ಪುಡಿ ಬಳಸ್ಬಹುದಾ?” ಎಂದಳು ಆ ಮನೆಯಾಕೆ.

“ಅದನ್ನ ಡಾಕ್ಟ್ರನ್ನ ಕೇಳಿ. ನನ್ನ ವಿಷಯ ಮಾತ್ರ ನಾನು ಹೇಳೋದು.”

ಮನೆಯಿಂದ ಮನೆಗೆ ಅವನ ಧ್ವನಿ ಸಣ್ಣಗಾಗುತ್ತ ಹೋಯಿತು. ಕೊನೆಯ ಮನೆಯ ಮುದುಕನ ಮುಂದೆ ತುಟಿ ಅಲ್ಲಾಡಿಸಿದಂತೆ ಮಾಡಿ ತಿರುಗಿದ.

“ಅಳಿಯಂದ್ರೇ,” ಎಂದರು ಅತ್ತೆ ತಣ್ಣಗೆ, “ಅವರಿಗೆ ಕಿವಿ ಮಂದ. ಸ್ವಲ್ಪ ಜೋರಾಗಿ ಹೇಳಿ.”

ಅವನು ಬೀದಿಯ ಆ ತುದಿ ಈ ತುದಿ ನೋಡಿದ. ಉಸಿರೆಳೆದುಕೊಂಡು ಜೋರಾಗಿಯೇ ಹೇಳಿದ. ಎದುರುಗಡೆ ಎರಡು ಕಿಟಕಿಗಳು ತೆರೆದುಕೊಂಡವು.

“ಸಾಕು, ನಡೀರಿ,” ಎಂದರು ಅತ್ತೆ. “ನಾನು ಅಡುಗೆಗೆ ಇಡ್ಬೇಕು.”