ಅತ್ತೆಯನ್ನು ತಳ್ಳುವ ವಿದ್ಯೆ

ಸೊಂಟಕ್ಕೆ ಕಪ್ಪು ಪಟ್ಟಿ ಬಂದರೆ ಕುಂಗ್ ಫೂ ಕಲಿತು ಮುಗಿಯಿತು ಎಂದು ಹೊರಗಿನವರು ತಿಳಿದಿರುತ್ತಾರೆ. ತಾಪತ್ರಯ ಶುರುವಾಗುವುದೇ ಅಲ್ಲಿಂದ. ಕಪ್ಪು ಪಟ್ಟಿಯಲ್ಲೇ ಒಂದು, ಎರಡು, ಮೂರು ಎಂದು ಮೆಟ್ಟಿಲುಗಳಿವೆ. ಮೇಲೇರಿದಷ್ಟೂ ಮಂಡಿ ಸವೆಯುತ್ತದೆ, ಚಪ್ಪಾಳೆ ತಟ್ಟುವವರು ಕಡಿಮೆಯಾಗುತ್ತಾರೆ. ನಮ್ಮ ಕಥೆಯ ಪ್ಲಂಬರ್ ಮೂರನೆಯ ಮೆಟ್ಟಿಲಲ್ಲಿ ಐದು ವರ್ಷದಿಂದ ಗೂಟ ಹೊಡೆದುಕೊಂಡು ಕೂತಿದ್ದ.

ನಲವತ್ತಾರರ ವಯಸ್ಸು, ತುಕ್ಕು ಹಿಡಿದ ನಲ್ಲಿಯನ್ನು ಬರಿಗೈಯಲ್ಲಿ ಬಿಚ್ಚುವ ತೋಳು. ಅಂಥವನಿಗೆ ನಾಲ್ಕನೆಯದು ಯಾವ ಲೆಕ್ಕ ಎಂದು ಎಲ್ಲರಿಗಿಂತ ಹೆಚ್ಚಾಗಿ ಅವನೇ ನಂಬಿದ್ದ.

ಶಾಲೆ ಇದ್ದದ್ದು ಕನ್ನಡಕದಂಗಡಿಯ ಮಹಡಿಯಲ್ಲಿ. ಅಂಗಡಿಯ ಮಾಲೀಕರೇ ಗುರುಗಳು. ಹಗಲು ಕೆಳಗೆ ಜನರ ಕಣ್ಣು ಪರೀಕ್ಷಿಸಿ, ಸಂಜೆ ಶಟರ್ ಎಳೆದು, ಮೇಲೆ ಬಂದು ಕಾಲು ಪರೀಕ್ಷಿಸುತ್ತಿದ್ದರು. ನೆಲಕ್ಕೆ ನೀಲಿ ಚಾಪೆ, ಮೂಲೆಯಲ್ಲಿ ಬಟ್ಟೆ ಬದಲಿಸಲು ಪ್ಲೈವುಡ್ಡಿನ ಗೂಡು, ಇಡೀ ಕೋಣೆಗೆ ನೋವಿನೆಣ್ಣೆ ಮತ್ತು ಕಾಲುಚೀಲದ ವಾಸನೆ.

ಅವನ ಅತ್ತೆ, ಅಂದರೆ ಹೆಂಡತಿಯ ತಾಯಿ, ಅದೇ ಶಾಲೆಯಲ್ಲಿದ್ದರು. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಾಗ ಸೊಂಟನೋವಿಗೆಂದು ಸೇರಿದವರು. ಎರಡು ತಿಂಗಳ ನಂತರ, ಹೊಸ ಅಳಿಯ ಅವರ ಮೆಚ್ಚುಗೆ ಗಿಟ್ಟಿಸಲು ತಾನೂ ಸೇರಿದ. ಕೆಟ್ಟದ್ದು ಅಲ್ಲೇ. ಮೊದಲು ಸೇರಿದವರು ಅಣ್ಣ ಇಲ್ಲವೇ ಅಕ್ಕ, ಆಮೇಲೆ ಬಂದವನು ತಮ್ಮ, ಇದು ಶಾಲೆಯ ಕಟ್ಟಳೆ. ಹೀಗೆ ಮನೆಯಲ್ಲಿ ‘ಅತ್ತೆ’ ಎನ್ನುವ ಬಾಯಿ ಮಹಡಿ ಹತ್ತಿದ ಕೂಡಲೇ ‘ಅಕ್ಕ’ ಎನ್ನಬೇಕಾಯಿತು.

“ನಮ್ಮಮ್ಮ ನಿಮಗೆ ಅಕ್ಕ ಆದ್ರೆ ನಾನು ನಿಮಗೇನಾದೆ?” ಎಂದು ಹೆಂಡತಿ ಒಮ್ಮೆ ಕೇಳಿದ್ದಳು.

“ಅಕ್ಕನ ಮಗಳು. ಸಂಬಂಧ ಸರಿಯಾಗೇ ಕೂಡುತ್ತೆ ಬಿಡು.”

ನಾಲ್ಕನೆಯ ಮೆಟ್ಟಿಲಿನ ಪರೀಕ್ಷೆ ಒಂದು ಭಾನುವಾರ ಬೆಳಿಗ್ಗೆ. ಅಭ್ಯರ್ಥಿಗಳು ಇಬ್ಬರೇ, ಅತ್ತೆ ಮತ್ತು ಅಳಿಯ. ವರಸೆಗಳೆಲ್ಲ ಸಲೀಸಾಗಿ ಮುಗಿದವು. ಕೊನೆಯಲ್ಲಿ ಕೈ ತಳ್ಳಾಟ. ಇಬ್ಬರೂ ಎದುರುಬದುರು ನಿಂತು, ಮಣಿಕಟ್ಟಿಗೆ ಮಣಿಕಟ್ಟು ತಾಗಿಸಿ, ತಮ್ಮ ಪಾದ ಕದಲಿಸದೆ ಎದುರಿನವರನ್ನು ಕದಲಿಸಬೇಕು.

ಹೆಂಡತಿ ಬೆಳಿಗ್ಗೆಯೇ ಎಚ್ಚರಿಸಿದ್ದಳು: “ಅಮ್ಮನಿಗೆ ಅರವತ್ತಾರು. ಏನಾದ್ರೂ ಮುರೀತೋ, ಆ ಪಟ್ಟೀನೇ ಹಾಸ್ಕೊಂಡು ಬೀದೀಲಿ ಮಲಗಿ.”

ಹಾಗಾಗಿ ಪ್ಲಂಬರ್ ಹಪ್ಪಳ ಮುಟ್ಟುವವನಂತೆ ಮುಟ್ಟಿದ. ಅತ್ತೆ ಒಂದು ಸಲ ಕೂರಿಸಿದರು. ಎರಡನೆಯ ಸಲ ಅಂಗಾತ ಮಲಗಿಸಿದರು. ನೋಡುತ್ತ ಕೂತಿದ್ದ ಕಿರಿಯರು ಕೆಮ್ಮಿದಂತೆ ಮಾಡಿ ನಕ್ಕರು. ಅವನಿಗೆ ಸಿಟ್ಟು ನೆತ್ತಿಗೇರಿತು. ಮೂರನೆಯ ಸಲ ಹೆಂಡತಿಯ ಮಾತನ್ನೂ ಮರೆತು, ಇಪ್ಪತ್ತೈದು ವರ್ಷ ಪೈಪು ಹೊತ್ತ ಭುಜವನ್ನು ಪೂರ್ತಿ ಕೊಟ್ಟು ನುಗ್ಗಿದ. ಅತ್ತೆ ಸೊಂಟ ಚೂರು ತಿರುಗಿಸಿದರು, ಅಷ್ಟೇ. ಅವನು ನೇರ ಹೋಗಿ ಪ್ಲೈವುಡ್ಡಿನ ಗೂಡಿಗೆ ಬಡಿದ. ತಲೆ ಒಳಗೆ, ಮಿಕ್ಕಿದ್ದು ಹೊರಗೆ.

“ನಿನ್ನ ತೋಳಿಗೆ ಬಾಯಿದೆ, ಕಿವಿಯಿಲ್ಲ,” ಎಂದರು ಗುರುಗಳು, ಅವನನ್ನು ಹೊರಗೆಳೆಯುತ್ತ. “ಆರು ತಿಂಗಳು ಬಿಟ್ಟು ಬಾ.”

ಅತ್ತೆ ತೇರ್ಗಡೆಯಾದರು. ಮನೆಗೆ ಸ್ಕೂಟರ್ ಓಡಿಸಿದವರೂ ಅವರೇ. ಅಳಿಯ ಹಣೆಗೆ ಐಸು ಒತ್ತಿಕೊಂಡು ಹಿಂದೆ ಕೂತಿದ್ದ.

ಮೂರು ದಿನ ಮುಖ ಊದಿಸಿಕೊಂಡು ಓಡಾಡಿದ. ಹಣೆಯ ಬುಗುಟು ಇಳಿದರೂ ಮುಖ ಇಳಿಯಲಿಲ್ಲ. ಇನ್ನು ಶಾಲೆಯ ಸಹವಾಸವೇ ಬೇಡ ಎಂದು ಘೋಷಿಸಿದ. ನಾಲ್ಕನೆಯ ದಿನ ಅತ್ತೆ ಅವನ ಮುಂದೆ ಕುರ್ಚಿ ಎಳೆದು ಕೂತರು.

“ಅಳಿಯಂದ್ರೇ, ಗೋಡೆಯೊಳಗೆ ಪೈಪು ಸೋರ್ತಿದ್ರೆ ಹೇಗೆ ಕಂಡುಹಿಡೀತೀರಿ?”

“ಕೈಯಿಟ್ಟು ನೋಡ್ತೀನಿ. ಎಲ್ಲಿ ತಣ್ಣಗಿದೆ, ಎಲ್ಲಿ ನೀರು ಓಡಾಡ್ತಿದೆ ಅಂತ ಗೊತ್ತಾಗುತ್ತೆ.”

“ಮೊದಲೇ ಸುತ್ತಿಗೆ ತಗೊಂಡು ಗುದ್ದಲ್ಲ ತಾನೆ?”

“ಛೆ, ಯಾರಾದ್ರೂ ಹಾಗೆ ಮಾಡ್ತಾರಾ?”

“ಮತ್ತೆ ನನಗ್ಯಾಕೆ ಗುದ್ದೋಕೆ ಬಂದ್ರಿ? ಮೊದಲು ಹೆದರಿದ್ರಿ, ಆಮೇಲೆ ಸಿಟ್ಟಾದ್ರಿ. ನಾನೆಲ್ಲಿದ್ದೀನಿ ಅಂತ ನೋಡಲೇ ಇಲ್ಲ. ಮೂವತ್ತೈದು ವರ್ಷ ಹಾಸಿಗೆ ಹಿಡಿದ ರೋಗಿಗಳನ್ನ ಮಗ್ಗುಲು ತಿರುಗಿಸಿದ್ದೀನಿ. ಭಾರ ಎಲ್ಲಿದೆ ಅಂತ ಕೈಗೆ ತಿಳಿದ್ರೆ ಎಂಥಾ ದಡಿಯನೂ ಹೊರಳ್ತಾನೆ. ಏಳಿ ಮೇಲೆ.”

ಅಂದಿನಿಂದ ದಿನಾ ಬೆಳಿಗ್ಗೆ ಅಡುಗೆಮನೆಯಲ್ಲಿ, ಒಲೆಗೂ ಫ್ರಿಜ್ಜಿಗೂ ನಡುವಿನ ಸಂದಿಯಲ್ಲಿ, ಇಬ್ಬರೂ ಮಣಿಕಟ್ಟು ತಾಗಿಸಿ ನಿಲ್ಲತೊಡಗಿದರು. ಹೆಂಡತಿ ಊಟದ ಡಬ್ಬಿ ಹಿಡಿದು ಅವರ ತೋಳುಗಳ ಕೆಳಗೆ ನುಸುಳಿ ಕೆಲಸಕ್ಕೆ ಹೋಗುತ್ತಿದ್ದಳು. “ನಿಮ್ಮಿಬ್ಬರ ಮಧ್ಯೆ ಸಿಕ್ಕಿ ಸಾಯೋಳು ನಾನು,” ಎನ್ನುವುದು ಅವಳ ನಿತ್ಯದ ಮಂತ್ರ. ಪ್ಲಂಬರ್ ಮೊದಲ ತಿಂಗಳು ಫ್ರಿಜ್ಜಿಗೆ ಬಡಿದ, ಎರಡನೆಯ ತಿಂಗಳೂ ಫ್ರಿಜ್ಜಿಗೇ ಬಡಿದ. ನಾಲ್ಕನೆಯ ತಿಂಗಳ ಹೊತ್ತಿಗೆ, ಅತ್ತೆ ಉಸಿರು ಬಿಡುವ ಮುಂಚೆ ಅವರ ಬಲ ಹಿಮ್ಮಡಿಗೆ ಭಾರ ಜಾರುವುದು ಅವನ ಬೆರಳಿಗೆ ತಿಳಿಯತೊಡಗಿತು.

ಮರುಪರೀಕ್ಷೆಯಲ್ಲಿ ಎದುರಿಗೆ ನಿಲ್ಲಲು ನಾಲ್ಕನೆಯ ಮೆಟ್ಟಿಲಿನವರೇ ಆಗಬೇಕಿತ್ತು. ಇದ್ದವರು ಅತ್ತೆ ಒಬ್ಬರೇ. ಈ ಸಲ ಅವನು ನುಗ್ಗಲಿಲ್ಲ, ಹೆದರಲೂ ಇಲ್ಲ. ಕಣ್ಣು ಅರೆಮುಚ್ಚಿ ಕಾದ. ಭಾರ ಹಿಮ್ಮಡಿಗೆ ಜಾರಿದ ಗಳಿಗೆಯಲ್ಲಿ, ಮೇಜಿನ ಖಾನೆ ಮುಚ್ಚುವಷ್ಟು ಹಗುರವಾಗಿ ತಳ್ಳಿದ. ಅತ್ತೆ ಒಂದು, ಎರಡು, ಮೂರು ಹೆಜ್ಜೆ ಹಿಂದೆ ಹೋಗಿ ಬೆಂಚಿನ ಮೇಲೆ ಧೊಪ್ಪನೆ ಕೂತರು.

ಯಾರೂ ಕೆಮ್ಮಲಿಲ್ಲ. ಅತ್ತೆಯ ಮುಖ ಕೆಂಪಗಾಯಿತು.

“ಇನ್ನೊಂದು ಸಲ!” ಎಂದು ಎದ್ದರು.

“ಪರೀಕ್ಷೆ ಅವನದಮ್ಮ, ನಿಮ್ಮದಲ್ಲ,” ಎಂದು ಗುರುಗಳು ಪಟ್ಟಿ ತಂದು ಅವನ ಕೈಗಿತ್ತರು.

ದಾರಿಯುದ್ದಕ್ಕೂ ಅತ್ತೆ ಸ್ಕೂಟರಿನ ಹಿಂದೆ ಮುಖ ತಿರುಗಿಸಿಕೊಂಡು ಕೂತಿದ್ದರು. ಮುನಿಸು ಎಂದುಕೊಂಡ ಅಳಿಯ ಸ್ಕೂಟರ್ ನಿಲ್ಲಿಸಿ ಬರುವಷ್ಟರಲ್ಲಿ, ಅವರು ಮನೆಯ ಮೆಟ್ಟಿಲ ಬಳಿ ಪಕ್ಕದ ಮನೆಯಾಕೆಯ ಕೈ ಹಿಡಿದು ಹೇಳುತ್ತಿದ್ದರು. ಕಣ್ಣಲ್ಲಿ ಹೆಮ್ಮೆಯ ನೀರಿತ್ತು.

“ನಮ್ಮ ಅಳಿಯಂದ್ರು ಇವತ್ತು ನನ್ನನ್ನ ತಳ್ಳಿಬಿಟ್ರು ಕಣ್ರೀ! ಎಲ್ಲರ ಎದುರಿಗೆ!”

“ಅಯ್ಯೋ ಪಾಪ! ಪೊಲೀಸಿಗೆ ಹೇಳೋಣ್ವಾ?” ಎಂದಳು ಆಕೆ.

ಅವಳಿಗೆ ತಿಳಿಸಿ ಹೇಳಲು ಅರ್ಧ ಗಂಟೆ ಹಿಡಿಯಿತು. ಹಾಗೆ ಹೇಳಿದ್ದೂ ಪೂರ್ತಿ ನಾಟಿದಂತಿರಲಿಲ್ಲ. ಮುಂದೊಂದು ತಿಂಗಳು ಆಕೆ ತನ್ನ ಮನೆಯ ನಲ್ಲಿ ತೊಟ್ಟಿಕ್ಕುತ್ತಿದ್ದರೂ ಬಕೆಟ್ ಇಟ್ಟುಕೊಂಡಳೇ ಹೊರತು ಪ್ಲಂಬರನನ್ನು ಒಳಗೆ ಕರೆಯಲಿಲ್ಲ.