ಗಂಗಾಶ್ರೀ ಬರೆಸದ ಆಸೆ

ಯುಗಾದಿಯ ದಿನ ಬೇವು-ಬೆಲ್ಲ ತಿಂದ ಮೇಲೆ, ಈ ವರ್ಷ ಮನೆಗೆ ಏನಾಗಬೇಕು ಎಂದು ಒಬ್ಬೊಬ್ಬರೂ ಒಂದೊಂದು ಆಸೆ ಹೇಳುವುದು ರೇಣುಕಾಪ್ರಸಾದನ ಮನೆಯ ರೂಢಿ. ಅದನ್ನು ಶುರು ಮಾಡಿದವಳು ಅವನ ಮೊದಲ ಹೆಂಡತಿ ಕರುಣಾ. ಅವಳು ತೀರಿಕೊಂಡು ನಾಲ್ಕು ವರ್ಷವಾಗಿದ್ದರೂ ಶಿಕಾರಿಪುರದ ಆ ಮನೆಯಲ್ಲಿ ರೂಢಿ ನಿಂತಿರಲಿಲ್ಲ. ಈ ಸಲ ಹೊಸದಾಗಿ ಕೂತವಳು ಗಂಗಾಶ್ರೀ. ಸೊರಬದಿಂದ ಮದುವೆಯಾಗಿ ಬಂದು ಅವಳಿಗೆ ಐದು ತಿಂಗಳಾಗಿತ್ತು.

ರೇಣುಕಾಪ್ರಸಾದ ತನ್ನ ಗೊಬ್ಬರದಂಗಡಿಯ ಡೈರಿ ತೆರೆದುಕೊಂಡು ಪೆನ್ನು ಹಿಡಿದ.

"ಮೊದ್ಲು ನಂದು ಬರ್ಕೊ," ಎಂದರು ಅವನ ತಾಯಿ ಅಕ್ಕನಾಗಮ್ಮ. "ಬಚ್ಚಲದಾಗೆ ಹಿಡ್ಕೊಳ್ಳಾಕೆ ಒಂದು ಸ್ಟೀಲಿನ ಹಿಡಿ ಹಾಕ್ಸು. ಹೋದ ತಿಂಗಳು ಜಾರಿದ್ದು ನೆನಪೈತಲ್ಲ?"

ತಾರಸಿಯ ನೀರಿನ ಟ್ಯಾಂಕು ಬದಲಿಸುವುದು ಎಂದು ಅವನು ತನ್ನದನ್ನೂ ಬರೆದುಕೊಂಡು ಮಗಳ ಕಡೆ ನೋಡಿದ. ಧನ್ಯಾಗೆ ಹದಿನಾಲ್ಕು ವರ್ಷ.

"ಏನನ್ನೂ ಬದಲಾಯಿಸಬಾರ್ದು. ಅಷ್ಟೇ. ಬರ್ಕೊಳ್ಳಿ ಅಪ್ಪ."

ಅವನು ಹಾಗೆಯೇ ಬರೆದ. "ನಿಂದು, ಗಂಗಾ?"

"ನಂದೇನಿಲ್ಲ ಕಣ್ರೀ," ಎಂದು ಗಂಗಾಶ್ರೀ ಹೋಳಿಗೆಗೆ ತುಪ್ಪ ತರಲು ಎದ್ದಳು.

ಅವಳಿಗೊಂದು ಆಸೆ ಇತ್ತು. ಬಾಯಿಬಿಟ್ಟು ಹೇಳಲು ನಾಚಿಕೆಯಾಗುವಷ್ಟು ಸಣ್ಣದು. ಅವಳ ತಂದೆ ಬೆನಕಪ್ಪ ಸೊರಬದ ಅಕ್ಕಿ ಗಿರಣಿಯಲ್ಲಿ ತೂಕ ಮಾಡುತ್ತಿದ್ದವರು; ಬಾಳೆಲ್ಲ ಬಾಡಿಗೆ ಮನೆಯಲ್ಲೇ ಕಳೆದರು. ಗಂಗಾಶ್ರೀ ಆರು ಮನೆ ಬದಲಿಸಿದ್ದಳು. ಪ್ರತಿ ಮನೆಯ ಓನರೂ ಬೀಗದ ಕೈ ಕೊಡುವಾಗ ಹೇಳುತ್ತಿದ್ದ ಮಾತು ಒಂದೇ: ಗೋಡೆಗೆ ಮೊಳೆ ಹೊಡೀಬ್ಯಾಡಿ. ಅಪ್ಪ ಹೋದ ಮೇಲೆ ಅವರ ಫೋಟೋವನ್ನು ಅಕ್ಕಿ ಡಬ್ಬದ ಮೇಲೆ ಗೋಡೆಗೆ ಒರಗಿಸಿ ಇಟ್ಟಿದ್ದರು. ಹೊಲಿಗೆ ಕೆಲಸ ಮಾಡಿಕೊಂಡು ತಾಯಿಯನ್ನು ಸಾಕಿ, ತಾಯಿಯೂ ಹೋದ ಮೇಲೆ ಮೂವತ್ತೇಳನೇ ವಯಸ್ಸಿಗೆ ಮದುವೆಯಾಗಿ ಬಂದಾಗ ಆ ಫೋಟೋವನ್ನು ಸೀರೆಯಲ್ಲಿ ಸುತ್ತಿ ತಂದಿದ್ದಳು. ಅದಿನ್ನೂ ಸೀರೆಯೊಳಗೇ ಇತ್ತು. ಸ್ವಂತ ಮನೆಗೆ ಬಂದ ಮೇಲೆ ಮೊಳೆ ಹೊಡೆಯಬೇಡ ಎನ್ನುವವರು ಯಾರೂ ಇರಲಿಲ್ಲ. ಆದರೆ ಯಾವ ಗೋಡೆ ನೋಡಿದರೂ ಅಲ್ಲಿ ಕರುಣಾ ಇದ್ದಳು.

ಜೂನ್ ಕೊನೆಗೆ ಅಡುಗೆಮನೆಯ ಗೋಡೆಯಲ್ಲಿ ನೀರು ಜಿನುಗತೊಡಗಿತು. ಪ್ಲಂಬರ್ ಯತೀಶ ಬಂದು ಗೋಡೆ ತಟ್ಟಿ ನೋಡಿದ.

"ಒಳಗಿನ ಪೈಪ್ ಹೋಗೈತೆ ಅಕ್ಕಾ. ಈ ಟೈಲ್ಸ್ ಒಡೀಬೇಕು."

ಒಲೆಯ ಹಿಂದಿನ ಆ ಹಳದಿ ಟೈಲ್ಸಿನ ಮೇಲೆ ಸೂರ್ಯಕಾಂತಿ ಹೂಗಳಿದ್ದವು. ಕರುಣಾ ಐದು ವರ್ಷದ ಧನ್ಯಾಳನ್ನು ಕರೆದುಕೊಂಡು ಶಿವಮೊಗ್ಗಕ್ಕೆ ಹೋಗಿ ಆರಿಸಿ ತಂದದ್ದೆಂದು ಅತ್ತೆ ಹೇಳಿದ್ದರು. ಗಂಡ ಅಂಗಡಿಯಲ್ಲಿದ್ದ, ಧನ್ಯಾ ಸ್ಕೂಲಿನಲ್ಲಿದ್ದಳು. ಆ ಟೈಲ್ಸ್ ಗಂಗಾಶ್ರೀಗೆ ಹಿಡಿಸುತ್ತಿರಲಿಲ್ಲ. ಒಂದು ಗಳಿಗೆ, ಒಡೆದೇ ಬಿಡಲಿ, ತಾನಾಗಿ ಒದಗಿ ಬಂದದ್ದು, ತನ್ನ ತಪ್ಪೇನಿದೆ ಎನಿಸಿತು. ಯತೀಶ ಉಳಿ ತೆಗೆದ.

"ತಡಿ," ಎಂದಳು. "ಹೊಸ ಪೈಪ್ ಹೊರಗಿನ ಗೋಡೆ ಮೇಲಿಂದ ತರಾಕಾಗಲ್ಲೇನು?"

"ಆಗ್ತದೆ. ನೋಡಾಕೆ ಚೆಂದ ಇರಲ್ಲ."

"ಚೆಂದ ಇಲ್ದಿದ್ರೂ ಪರವಾಗಿಲ್ಲ ಬಿಡು. ಹಂಗೇ ತಗೊಂಬಾ."

ಸಂಜೆ ಧನ್ಯಾ ಹಿತ್ತಲಲ್ಲಿ ನಿಂತು, ಗೋಡೆಯ ಮೇಲೆ ಅಡ್ಡಾದಿಡ್ಡಿ ಹಾದ ಬಿಳಿ ಪೈಪನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಒಳಗೆ ಬಂದಳು.

"ಯಾಕೆ ಒಡೆಸ್ಲಿಲ್ಲ ನೀವು?"

"ನೀನು ಬರೆಸಿದ್ಯಲ್ಲ ಯುಗಾದೀಲಿ."

ಧನ್ಯಾ ಬಾಗಿಲ ಬಳಿಯೇ ನಿಂತಳು. "ಅವತ್ತು ನೀವು ಏನೂ ಹೇಳ್ಲಿಲ್ಲ. ಇತ್ತು ಅಲ್ವಾ ಏನೋ?"

ಗಂಗಾಶ್ರೀ ಬೆಳ್ಳುಳ್ಳಿ ಬಿಡಿಸುತ್ತಲೇ ಆರು ಮನೆಗಳ ಕಥೆ ಹೇಳಿದಳು. ಅಪ್ಪನ ಫೋಟೋ, ಮೊಳೆಯ ಸಂಗತಿಯನ್ನೂ ಹೇಳಿದಳು. ಧನ್ಯಾ ನಗಲಿಲ್ಲ.

"ನಡುಮನೇಲಿ ಬೇಡ," ಎಂದಳು ಕೊನೆಗೆ.

"ಬೇಡ. ನಮ್ಮ ಕೋಣೇಲಿ ಸಾಕು."

ಮಾರನೇ ದಿನವೇ ರೇಣುಕಾಪ್ರಸಾದ ಮೊಳೆ ಹೊಡೆದ. ಬೆನಕಪ್ಪನವರ ಫೋಟೋ ಗೋಡೆ ಹತ್ತಿತು. ಇಷ್ಟು ವರ್ಷ ಬಯಸಿದ್ದು ಎರಡೇ ಪೆಟ್ಟಿಗೆ ಮುಗಿದುಹೋಯಿತು. ಮಲಗಿಕೊಂಡು ನೋಡಿದಾಗ ಗಂಗಾಶ್ರೀಗೆ ಖುಷಿಯೇನೋ ಆಯಿತು. ಆದರೆ ಎದೆಯೊಳಗಿನ ಖಾಲಿ ಜಾಗ ಇದ್ದಷ್ಟೇ ಇತ್ತು. ಬಯಸಿದ್ದು ಮೊಳೆಯನ್ನಲ್ಲವೇನೋ ಎಂದುಕೊಂಡಳು.

ಆಗಸ್ಟಿನ ಒಂದು ಭಾನುವಾರ ಧನ್ಯಾ ತಾನಾಗಿಯೇ ಕೇಳಿದಳು: "ಆ ಆರು ಮನೆ ತೋರಿಸ್ತೀರಾ?"

ಇಬ್ಬರೂ ಶಿರಾಳಕೊಪ್ಪದ ಮೇಲೆ ಹೋಗುವ ಬಸ್ಸು ಹಿಡಿದು ಸೊರಬಕ್ಕೆ ಹೋದರು. ಮೊದಲನೆಯದು ಮೊಬೈಲ್ ಅಂಗಡಿಯಾಗಿತ್ತು. ಎರಡನೆಯದನ್ನು ಕೆಡವಿ ಮೂರಂತಸ್ತು ಎಬ್ಬಿಸಿದ್ದರು. ಮೂರು, ನಾಲ್ಕಕ್ಕೆ ಬೀಗ. ಐದನೆಯದರ ಓನರು ಗಂಗಾಶ್ರೀಯ ಗುರುತೇ ಹಿಡಿಯಲಿಲ್ಲ. ಆರನೆಯದರ ಜಗಲಿಯಲ್ಲಿ ಈಗಿನ ಬಾಡಿಗೆಯವರು, ಯಮುನಮ್ಮ ಎಂಬ ಹೆಂಗಸು, ಅಕ್ಕಿ ಆರಿಸುತ್ತಿದ್ದರು. ವಿಷಯ ತಿಳಿದು, "ನೋಡ್ಕಂಡು ಬರ್ರಿ, ಅದಕ್ಕೇನಂತೆ," ಎಂದು ಒಳಗೆ ಬಿಟ್ಟರು.

ಹಿಂದಿನ ಕೋಣೆಯಲ್ಲಿ ಗಂಗಾಶ್ರೀ ನಿಂತಳು. ತಾಯಿ ಕೊನೆಯ ಎರಡು ವರ್ಷ ಮಲಗಿದ್ದು ಅಲ್ಲೇ.

"ಪ್ರತಿ ವರ್ಷ ಹೇಳೋಳು," ಎಂದಳು. "ಬರೋ ವರ್ಷ ಹಬ್ಬ ನಮ್ಮ ಸ್ವಂತ ಮನೇಲೇ ಗಂಗೂ ಅಂತ. ಹಾಸಿಗೆ ಹಿಡಿದ ಮೇಲೂ ಹೇಳೋಳು. ನಾನು ಹ್ಞೂಂ ಅಂತಿದ್ದೆ."

ಧನ್ಯಾ ಕಿಟಕಿಯ ಸರಳು ಹಿಡಿದುಕೊಂಡಿದ್ದಳು. "ನಮ್ಮಮ್ಮಾನೂ ಹಂಗೇ. ಮೇಲೊಂದು ರೂಮು ಕಟ್ಸೋಣ, ನಿಂಗೆ ಓದಕ್ಕೆ, ಬರೋ ವರ್ಷ, ಅಂತಿದ್ಲು," ಎಂದಳು. ಅಮ್ಮನ ಮಾತನ್ನು ಅವಳು ಗಂಗಾಶ್ರೀ ಎದುರು ಎತ್ತಿದ್ದು ಅದೇ ಮೊದಲು.

ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಇಬ್ಬರೂ ಹತ್ತಿರ ಕೂತರು. ಗಂಗಾಶ್ರೀ ಮನೆಗೆ ಬಂದಾಗಿನಿಂದ ಧನ್ಯಾ ಅವಳನ್ನು ಏನೆಂದೂ ಕರೆದಿರಲಿಲ್ಲ. ಬೇಕಾದಾಗ ಎದುರು ಬಂದು ನಿಂತು ಮಾತು ಶುರುಮಾಡುತ್ತಿದ್ದಳು.

"ನೀವು ನಿಮ್ಮಮ್ಮನ್ನ ಏನಂತ ಕರೀತಿದ್ರಿ?"

"ಅವ್ವ ಅಂತಿದ್ದೆ."

"ನಮ್ಮನೇಲಿ ಯಾರೂ ಹಂಗೆ ಕರೆಯಲ್ಲ." ಧನ್ಯಾ ರಸ್ತೆಯ ಕಡೆ ನೋಡುತ್ತ, ಹೊಸ ಊರಿನ ಹೆಸರನ್ನು ಹೇಳಿ ನೋಡುವಂತೆ, ಮೆಲ್ಲಗೆ ಅಂದಳು: "ಅವ್ವ."

ಅದು ತನ್ನನ್ನು ಕರೆದದ್ದಲ್ಲ ಎಂದು ಗಂಗಾಶ್ರೀಗೆ ಗೊತ್ತಿತ್ತು. ಆದರೂ ಅವಳು ತಟ್ಟನೆ ತಿರುಗಿ ನೋಡಿದ್ದಳು. ಧನ್ಯಾ ಅದನ್ನು ಕಂಡಳು. ಬಸ್ಸು ಬಂತು. ನೂಕುನುಗ್ಗಲಿನಲ್ಲಿ ಮೊದಲು ಹತ್ತಿದ ಧನ್ಯಾ ಕಿಟಕಿ ಪಕ್ಕ ಕೂತು, ಇನ್ನೊಂದು ಸೀಟಿನ ಮೇಲೆ ಕೈಯಿಟ್ಟು ಕಾದಳು.