ಆಣಿಯೆಂದು ಹೆರೆದದ್ದು

ಡಾಕ್ಟರ ಕೋಣೆಯಲ್ಲಿ ತನ್ನ ಪಕ್ಕ ಕೈಕಟ್ಟಿ ನಿಂತಿದ್ದ ಗಂಡ ಪಿಳ್ಳಣ್ಣನನ್ನು ನೋಡಿದಷ್ಟೂ ಮುನಿಗಂಗಮ್ಮನಿಗೆ ಮೈಯೆಲ್ಲ ಉರಿಯುತ್ತಿತ್ತು.

ದೊಡ್ಡಬೆಳವಂಗಲದ ಸುತ್ತಮುತ್ತ ಯಾರ ಅಂಗಾಲಿಗೆ ಆಣಿಯಾದರೂ ಪಿಳ್ಳಣ್ಣನ ಜಗಲಿಗೇ ಬರಬೇಕು. ಬಿಸಿನೀರಲ್ಲಿ ಕಾಲು ನೆನೆಸಿ, ಗಟ್ಟಿ ಚರ್ಮವನ್ನು ಬ್ಲೇಡಿನಲ್ಲಿ ಹೆರೆದು, ಗೇರೆಣ್ಣೆ ಮುಟ್ಟಿಸಿ ಕಳಿಸುತ್ತಿದ್ದ. ದುಡ್ಡು ಮುಟ್ಟುತ್ತಿರಲಿಲ್ಲ ಮಹಾರಾಯ, ಹೊಗಳಿಕೆ ಮಾತ್ರ ಎಷ್ಟಾದರೂ ಸಾಲುತ್ತಿರಲಿಲ್ಲ. ಹೆಂಡತಿಯ ಹಿಮ್ಮಡಿಯಲ್ಲಿ ಕಪ್ಪು ಮಚ್ಚೆ ಕಂಡಾಗಲೂ ಬ್ಲೇಡೇ ಹಿಡಿದ. ಅವಳು ಏರ್‌ಪೋರ್ಟಿನಲ್ಲಿ ನೆಲ ಒರೆಸುವ ಕೆಲಸಕ್ಕೆ ಹೋಗುತ್ತಿದ್ದಳು; ಅಲ್ಲಿ ಕೊಡುವ ಶೂ ಒತ್ತಿ ಹಾಗಾಗಿದೆ ಎಂದ.

"ಒತ್ತಿದ್ರೆ ನೋವೇ ಇಲ್ವಲ್ಲ, ಆಣಿ ಹೆಂಗಾಯ್ತದೆ?" ಎಂದು ಅವಳು ಕೇಳಿದ್ದಳು.

"ನಂಗೇ ಹೇಳ್ಕೊಡ್ತೀಯಾ?" ಎಂದು ಗದರಿದ್ದ.

ಒಂದು ವರ್ಷದಲ್ಲಿ ಮೂರು ಸಲ ಹೆರೆದ. ಮಚ್ಚೆ ಅಗಲವಾಗುತ್ತಲೇ ಹೋಯಿತು. ಕೊನೆಗೆ ಅವಳೇ ರಜಾ ಹಾಕಿ ದೊಡ್ಡಬಳ್ಳಾಪುರದ ಚರ್ಮದ ಡಾಕ್ಟರ ಹತ್ತಿರ ಹೊರಟಳು. ಪಿಳ್ಳಣ್ಣ ಗೊಣಗುತ್ತ ಹಿಂದೆ ಬಂದ.

ಡಾಕ್ಟರ್ ಸಂಘಮಿತ್ರ ದೀಪವಿದ್ದ ಪುಟ್ಟ ಮಸೂರವೊಂದನ್ನು ಹಿಮ್ಮಡಿಗೆ ಆನಿಸಿದರು. ಸೂಜಿಯಿಲ್ಲ, ರಕ್ತವಿಲ್ಲ. ಎರಡೇ ನಿಮಿಷಕ್ಕೆ ಮಚ್ಚೆಯ ಚಿತ್ರ ದೊಡ್ಡದಾಗಿ ಕಂಪ್ಯೂಟರಿನಲ್ಲಿ ಮೂಡಿತು.

"ನೋಡಿಮ್ಮಾ, ಅಂಗಾಲಿನ ಚರ್ಮ ಸಾಲು ಹೊಡೆದ ಹೊಲದ ಥರ, ಏರು ತಗ್ಗು ಇರುತ್ತೆ. ಸಾಮಾನ್ಯ ಮಚ್ಚೆಯಾದ್ರೆ ಬಣ್ಣ ಹೆಚ್ಚಾಗಿ ತಗ್ಗಲ್ಲಿರುತ್ತೆ. ನಿಮ್ಮದು ಏರಿನ ಮೇಲೇ ಕೂತಿದೆ. ಮೆಲನೋಮ ಅನ್ನೋ ಕ್ಯಾನ್ಸರ್ ಇರಬಹುದು ಅಂತ ಅನುಮಾನ. ಚೂರು ಚರ್ಮ ತೆಗೆದು ಪರೀಕ್ಷೆಗೆ ಕಳಿಸಿದ್ರೆ ಖಚಿತ ಆಗುತ್ತೆ."

ಎರಡು ನಿಮಿಷ! ಮುನಿಗಂಗಮ್ಮನಿಗೆ ಹೆದರಿಕೆಗಿಂತ ಮೊದಲು ಸಿಟ್ಟೇ ನೆತ್ತಿಗೇರಿತು. ಎರಡು ನಿಮಿಷದ ಕೆಲಸಕ್ಕೆ ಒಂದು ವರ್ಷ ಹಾಳು ಮಾಡಿದನಲ್ಲ ಈ ಪಂಡಿತ!

ಪಂಡಿತ ಆಗ ಬಾಯಿ ಬಿಟ್ಟ. "ಬ್ಯಾಡ ಡಾಕ್ಟ್ರೇ. ಅಂಥದಕ್ಕೆ ಬ್ಲೇಡ್ ಮುಟ್ಸಿದ್ರೆ ಮೈಗೆಲ್ಲಾ ಹಬ್ಬುತ್ತೆ ಅಂತಾರೆ."

"ಮೂರು ಸಲ ನೀನು ಮುಟ್ಸಿದ್ದೇನು, ನವಿಲುಗರಿಯಾ?" ಮುನಿಗಂಗಮ್ಮ ಕಿರುಚಿದಳು.

ಹೊರಗೆ ಸಾಲಿನಲ್ಲಿ ಕೂತಿದ್ದವರು ಬಾಗಿಲಲ್ಲಿ ಇಣುಕಿದರು. ಪರೀಕ್ಷೆಗೆ ಚೂರು ತೆಗೆದರೆ ಹಬ್ಬುವುದಿಲ್ಲ, ಸುಮ್ಮನೆ ಬಿಟ್ಟರೇ ಅಪಾಯ ಎಂದು ಡಾಕ್ಟರ್ ಬಿಡಿಸಿ ಹೇಳಿದರು. ನರ್ಸು ಒಪ್ಪಿಗೆ ಪತ್ರವನ್ನು ಪಿಳ್ಳಣ್ಣನ ಕಡೆ ಚಾಚಿದಳು. ಮುನಿಗಂಗಮ್ಮ ನಡುವೆಯೇ ಅದನ್ನು ಕಿತ್ತುಕೊಂಡು ರುಜು ಹಾಕಿ ಕೊಟ್ಟಳು.

ಕಾಲು ಮರಗಟ್ಟಿಸುವ ಇಂಜೆಕ್ಷನ್ ಸಿದ್ಧವಾಯಿತು.

"ನಂಗೆ ನೋಡಕ್ಕಾಗಲ್ಲ ಕಣೇ, ಆಚೆ ಇರ್ತೀನಿ," ಎಂದು ಪಿಳ್ಳಣ್ಣ ಬಾಗಿಲ ಕಡೆ ತಿರುಗಿದ.

"ಎಲ್ಲಿಗೋಯ್ತೀಯಾ? ಕೂತ್ಕೋ ಇಲ್ಲಿ!" ಮುನಿಗಂಗಮ್ಮ ಅವನ ತೋಳು ಹಿಡಿದೆಳೆದಳು. "ನೀನು ಹೆರಿಯೋವಾಗ ನಾನು ಮೂರು ಸಲಾನೂ ಅಲ್ಲಾಡ್ದೆ ಕೂತಿದ್ದೆ. ಈಗ ನೀನು ಕೂತ್ಕೊಂಡು ನೋಡು."

ಪಿಳ್ಳಣ್ಣ ಕೂತ.